ವಾಯುಭಾರ ಸೆನ್ಸರ್ ಅನ್ನು ರಿಜಿಸ್ಟರ್ ಮಟ್ಟದಲ್ಲಿ ಓದುವ ಬಗೆ

ಆಂಡ್ರಾಯ್ಡ್ ಆ್ಯಪ್ ವಾಯುಭಾರವನ್ನು (ಗಾಳಿಯ ಒತ್ತಡವನ್ನು) ಕೇಳಿದಾಗ ಅದರ ಅಳತೆಮಾನವಾದ ಹೆಕ್ಟೋಪ್ಯಾಸ್ಕಲ್‌ನಲ್ಲಿ ಸಿದ್ಧಸಂಖ್ಯೆ ದೊರೆಯುತ್ತದೆ. ಆದರೆ ಚಿಪ್ ಸ್ವತಃ ಕೊಡುವುದು ಹೆಕ್ಟೋಪ್ಯಾಸ್ಕಲ್ ಅಲ್ಲ. ಚಿಪ್ಪನ್ನು ಆಂಡ್ರಾಯ್ಡ್‌ಗೆ ಬೆಸೆಯುವ ತಂತ್ರಾಂಶಗಳಾದ ಡ್ರೈವರ್ ಮತ್ತು ಎಚ್‌ಎಎಲ್ ಪದರಗಳನ್ನು ಬಿಟ್ಟು ಚಿಪ್ಪಿನ ರಿಜಿಸ್ಟರುಗಳನ್ನು (ಒಳಗಿನ ಪುಟ್ಟ ಸ್ಮೃತಿಕೋಶಗಳನ್ನು) ನೇರವಾಗಿ ಓದುವವರು ಆ ಪದರಗಳ ಲೆಕ್ಕವನ್ನೂ ತಾವೇ ಮಾಡಬೇಕಾಗುತ್ತದೆ.

ಬಾಷ್ ಕಂಪನಿಯ ಬಿಎಂಪಿ280 ಚಿಪ್ಪನ್ನೇ ಉದಾಹರಣೆಯಾಗಿ ನೋಡೋಣ. ಚಿಪ್ಪುಗಳನ್ನು ಜೋಡಿಸುವ ಎರಡು ತಂತಿಗಳ ಐ2ಸಿ ಬಸ್ಸಿನಲ್ಲಿ ಇದರ ವಿಳಾಸ ಹೆಕ್ಸ್ (16ರ ಆಧಾರದ ಸಂಖ್ಯಾಪದ್ಧತಿ) 76 ಅಥವಾ 77; ಮುಂದೆ ಬರುವ ರಿಜಿಸ್ಟರ್ ಸಂಖ್ಯೆಗಳೂ ಚಿಪ್ಪಿನ ಗುರುತುಸಂಖ್ಯೆಗಳೂ ಹೆಕ್ಸ್‌ನಲ್ಲೇ ಇವೆ. ಮೊದಲು ಡಿ0 ರಿಜಿಸ್ಟರ್ ಓದಬೇಕು. 58 ಬಂದರೆ ಬಿಎಂಪಿ280, 60 ಬಂದರೆ ಅದು ಆರ್ದ್ರತೆಯನ್ನೂ ಅಳೆಯುವ ಬಿಎಂಇ280. ವಿದ್ಯುತ್ ಕೊಟ್ಟ ಕೂಡಲೇ ಚಿಪ್ ನಿದ್ರಾಸ್ಥಿತಿಯಲ್ಲಿರುವುದರಿಂದ ಎಫ್4 ರಿಜಿಸ್ಟರಿಗೆ ಬರೆದು ಅದನ್ನು ಎಬ್ಬಿಸಬೇಕು. ಅನಂತರ ಎಫ್7ರಿಂದ ಎಫ್‌ಸಿವರೆಗಿನ ಆರು ಬೈಟ್‌ಗಳನ್ನು ಒಂದೇ ಸಲಕ್ಕೆ ಓದಬೇಕು. ಬಿಡಿಬಿಡಿಯಾಗಿ ಓದಿದರೆ ಎರಡು ಬೇರೆ ಅಳತೆಗಳ ಬೈಟ್‌ಗಳು ಬೆರೆತು ಎಲ್ಲೂ ಇಲ್ಲದ ಒತ್ತಡವೊಂದು ಹುಟ್ಟಿಕೊಳ್ಳಬಹುದು.

ಹೀಗೆ ಸಿಕ್ಕ ಒತ್ತಡ ಮತ್ತು ಉಷ್ಣತೆಯ 20 ಬಿಟ್ ಸಂಖ್ಯೆಗಳಿಗೆ ತಮ್ಮಷ್ಟಕ್ಕೇ ಅರ್ಥವಿಲ್ಲ. ಪ್ರತಿ ಚಿಪ್ಪಿಗೂ ಕಾರ್ಖಾನೆಯಲ್ಲೇ ಅಳೆದು ಬರೆದಿಟ್ಟ, ಆ ಸಂಖ್ಯೆಗಳನ್ನು ನಿಜ ಅಳತೆಗೆ ತರುವ 12 ಗುಣಾಂಕಗಳು ಹೆಕ್ಸ್ 88ರಿಂದ ಶುರುವಾಗುತ್ತವೆ: ಉಷ್ಣತೆಗೆ ಮೂರು, ಒತ್ತಡಕ್ಕೆ ಒಂಬತ್ತು. ಒತ್ತಡದ ಸೂತ್ರಕ್ಕೆ ಉಷ್ಣತೆಯ ಫಲಿತಾಂಶ ಬೇಕಾಗುವುದರಿಂದ ಉಷ್ಣತೆಯನ್ನೇ ಮೊದಲು ಲೆಕ್ಕ ಹಾಕಬೇಕು. ಇಲ್ಲೊಂದು ಕಿರಿಕಿರಿಯ ಸಂಗತಿಯೂ ಇದೆ: ಅಳತೆಯ ಬೈಟ್‌ಗಳಲ್ಲಿ ದೊಡ್ಡ ಬೈಟ್ ಮೊದಲು ಬಂದರೆ, ಗುಣಾಂಕಗಳಲ್ಲಿ ಚಿಕ್ಕ ಬೈಟ್ ಮೊದಲು ಬರುತ್ತದೆ. ಉಷ್ಣತೆಯ ಮೊದಲ ಗುಣಾಂಕ ಟಿ1 ಮತ್ತು ಒತ್ತಡದ ಮೊದಲ ಗುಣಾಂಕ ಪಿ1 ಮಾತ್ರ ಚಿಹ್ನೆರಹಿತ, ಉಳಿದ ಹತ್ತಕ್ಕೆ ಋಣಚಿಹ್ನೆಯೂ ಇರಬಹುದು.

ಲೆಕ್ಕ ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಮ್ಮ ಚಿಕ್ಕಬಳ್ಳಾಪುರದ ಕಡೆಯವರಿಗೆ ನಂದಿಬೆಟ್ಟ ಹತ್ತಿರದಲ್ಲೇ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 915 ಮೀಟರ್, ಬೆಟ್ಟದ ತುದಿ 1478 ಮೀಟರ್ ಎತ್ತರದಲ್ಲಿವೆ. ಪ್ರಮಾಣಿತ ವಾತಾವರಣದ ಸೂತ್ರದಂತೆ ಊರಿನಲ್ಲಿ ಸುಮಾರು 908, ತುದಿಯಲ್ಲಿ ಸುಮಾರು 848 ಹೆಕ್ಟೋಪ್ಯಾಸ್ಕಲ್ ಬರಬೇಕು. ಊರಿನಲ್ಲೇ 1013ರ ಆಸುಪಾಸು ಬಂದರೆ ಗುಣಾಂಕಗಳ ಓದಿನಲ್ಲಿ ದೋಷವನ್ನು ಹುಡುಕಬೇಕು. ಕೆಲವು ಹೆಕ್ಟೋಪ್ಯಾಸ್ಕಲ್‌ಗಳ ವ್ಯತ್ಯಾಸ ಮಾತ್ರ ದೋಷವಲ್ಲ: ನಮ್ಮ ಅಕ್ಷಾಂಶಗಳಲ್ಲಿ ವಾಯುಭಾರವು ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಈ ಎತ್ತರದಲ್ಲಿ ಒಂದು ಹೆಕ್ಟೋಪ್ಯಾಸ್ಕಲ್ ಎಂದರೆ ಸುಮಾರು ಹತ್ತು ಮೀಟರ್ ಆದ್ದರಿಂದ, ಎರಡು ಜಾಗಗಳ ಓದುಗಳ ನಡುವೆ ಹೆಚ್ಚು ಸಮಯ ಕಳೆದಷ್ಟೂ ಎತ್ತರದ ಲೆಕ್ಕ ತಪ್ಪುತ್ತದೆ.

ಫೋನಿನಲ್ಲೇ ಇದನ್ನು ಮಾಡಲು ರೂಟ್ ಅಧಿಕಾರ (ವ್ಯವಸ್ಥೆಯ ಮೇಲೆ ಪೂರ್ಣ ಹಿಡಿತ) ಬೇಕು. ಸಾಮಾನ್ಯ ಆ್ಯಪ್ ಐ2ಸಿ ಕಡತವನ್ನು ತೆರೆಯದಂತೆ ಆಂಡ್ರಾಯ್ಡಿನ ಭದ್ರತಾ ವ್ಯವಸ್ಥೆಯಾದ ಎಸ್‌ಇಲಿನಕ್ಸ್ ತಡೆಯುತ್ತದೆ. ಎಷ್ಟೋ ಫೋನುಗಳಲ್ಲಿ ಚಿಪ್ ಸೆನ್ಸರ್‌ಗಳನ್ನು ನೋಡಿಕೊಳ್ಳುವ ಪ್ರತ್ಯೇಕ ಸಂಸ್ಕಾರಕಕ್ಕೆ (ಸೆನ್ಸರ್ ಹಬ್) ಜೋಡಣೆಯಾಗಿರುವುದರಿಂದ ಲಿನಕ್ಸ್ ಕರ್ನಲ್‌ಗೇ ಅದು ಕಾಣಿಸುವುದಿಲ್ಲ. ಕಂಡರೂ, ಡ್ರೈವರ್ ಬಳಸುತ್ತಿರುವ ಚಿಪ್ಪಿನ ರಿಜಿಸ್ಟರಿಗೆ ನಾವು ಬರೆದರೆ ಅದರ ಸೆಟ್ಟಿಂಗ್ ಡ್ರೈವರಿಗೆ ತಿಳಿಯದೆಯೇ ಬದಲಾಗುತ್ತದೆ. ಆದ್ದರಿಂದ ಕಲಿಯುವ ಹಂತದಲ್ಲಿ ಇದೇ ಚಿಪ್ ಇರುವ ಬಿಡಿ ಬೋರ್ಡನ್ನು ಪುಟ್ಟ ಕಂಪ್ಯೂಟರ್ ಆದ ರಾಸ್ಪ್‌ಬೆರ್ರಿ ಪೈಗೆ ಜೋಡಿಸಿ ಅಭ್ಯಾಸ ಮಾಡುವುದು ಮೇಲು.