ಹತ್ತು ನಿಮಿಷ ನಿಂತರೆ ಸರಿಹೋಗುವ ಕಾರಿಗೆ ಒದ್ದೆ ಬಟ್ಟೆ ಮದ್ದಲ್ಲ

ಪ್ರಶ್ನೆ: ಸರ್, ನಮ್ಮದು ಹಳೇ ಪೆಟ್ರೋಲ್ ಕಾರು, ಇಂಜೆಕ್ಷನ್ ಮಾಡೆಲ್. ಉಡುಪಿಯಿಂದ ತೀರ್ಥಹಳ್ಳಿಗೆ ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಇದ್ದಕ್ಕಿದ್ದಂತೆ ಆಫ್ ಆಗುತ್ತೆ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತೆ. ಗ್ಯಾರೇಜಿನಲ್ಲಿ ಏನೂ ತೊಂದರೆ ಇಲ್ಲ ಅಂತಾರೆ. ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಹಾಕಬೇಕಾ?

ಉತ್ತರ: ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ. ಇನ್ನೊಮ್ಮೆ ಹೇಳುತ್ತೇನೆ, ಒದ್ದೆ ಬಟ್ಟೆ ಬೇಡ.

ಆ ಮದ್ದು ಅಂಬಾಸಿಡರ್, ಫಿಯೆಟ್ ಕಾಲದ್ದು. ಆಗ ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಘಾಟಿ ಹತ್ತುವಾಗ ಇಂಜಿನ್ ಕಾದು ಪೈಪಿನೊಳಗೆ ಪೆಟ್ರೋಲ್ ಆವಿಯಾದರೆ ಪಂಪಿಗೆ ಎಳೆಯಲು ಆಗುತ್ತಿರಲಿಲ್ಲ. ಬಟ್ಟೆ ನೆನೆಸಿ ಹಾಕಿದರೆ ತಣಿದು ಮತ್ತೆ ಎಳೆಯುತ್ತಿತ್ತು. ಅವತ್ತಿನ ಡ್ರೈವರುಗಳು ಮಾಡಿದ್ದು ಸರಿಯಾಗೇ ಇತ್ತು. ನಿಮ್ಮ ಕಾರಿನಲ್ಲಿ ಪಂಪು ಇರುವುದು ಹಿಂದೆ, ಟ್ಯಾಂಕಿನ ಒಳಗೆ, ಪೆಟ್ರೋಲಿನಲ್ಲೇ ಮುಳುಗಿಕೊಂಡು. ಅದು ಎಳೆಯುವ ಪಂಪಲ್ಲ, ಸುಮಾರು 3 ಬಾರ್, ಅಂದರೆ ಗಾಳಿಯ ಒತ್ತಡದ ಮೂರರಷ್ಟು ಒತ್ತಡದಲ್ಲಿ ತಳ್ಳುವ ಪಂಪು. ಅಷ್ಟು ಒತ್ತಡದಲ್ಲಿ ಪೆಟ್ರೋಲ್ ಸುಲಭಕ್ಕೆ ಆವಿಯಾಗುವುದಿಲ್ಲ. ಹಾಗಾದರೆ ಬಾನೆಟ್ ಎತ್ತಿ ಬಟ್ಟೆ ಹಾಕುವುದು ಯಾವುದರ ಮೇಲೆ? ಒಬ್ಬರು ಫ್ಯೂಸ್ ಬಾಕ್ಸಿನ ಮೇಲೇ ನೀರು ಸೋರುವ ಟವೆಲ್ ಹಾಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

"ಬಟ್ಟೆ ಹಾಕಿದ ಮೇಲೇ ಸ್ಟಾರ್ಟ್ ಆಯಿತಲ್ಲ" ಅನ್ನುತ್ತಾರೆ. ಆಗಿಯೇ ಆಗುತ್ತದೆ. ಬಟ್ಟೆ ಹುಡುಕಿ, ನೀರು ತಂದು, ಹಾಸಿ ಕಾಯುವಷ್ಟರಲ್ಲಿ ರಿಲೇ ತಣ್ಣಗಾಗಿರುತ್ತದೆ. ಪಂಪಿಗೆ ಕರೆಂಟು ಕೊಡುವ ಸ್ವಿಚ್ಚು ಅದು, ಬಿಸಿಗೆ ಕೈಕೊಡುವುದು ಹೆಚ್ಚಾಗಿ ಅದೇ. ಮುಂದಿನ ಸಲ ಬಟ್ಟೆ ಮುಟ್ಟದೆ ಅಷ್ಟೇ ಹೊತ್ತು ಸುಮ್ಮನೆ ನಿಂತು ನೋಡಿ.

ರಿಲೇ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ. ಒಳಗಿನ ಕಾಯಿಲ್‌ಗೆ ಸಣ್ಣ ಕರೆಂಟು ಬಂದರೆ ಅದು ಅಯಸ್ಕಾಂತವಾಗಿ ಪಾಯಿಂಟನ್ನು ಎಳೆದು ಕೂಡಿಸುತ್ತದೆ, ಪಂಪಿಗೆ ದೊಡ್ಡ ಕರೆಂಟು ಹರಿಯುತ್ತದೆ. ವರ್ಷಗಟ್ಟಲೆ ಕಾದು ತಣಿದು ಒಳಗಿನ ಬೆಸುಗೆ ಬಿರಿಯುತ್ತದೆ. ಮೊನ್ನೆ ಒಂದನ್ನು ಬಿಚ್ಚಿದೆ. ಬರಿಗಣ್ಣಿಗೆ ಬೆಸುಗೆ ಫಳಫಳ ಹೊಳೆಯುತ್ತಿತ್ತು. ಭೂತಗನ್ನಡಿ ಹಿಡಿದು ರಿಲೇಯ ಕಾಲನ್ನು (ಪಿನ್) ಮೆಲ್ಲಗೆ ಅಲ್ಲಾಡಿಸಿದಾಗ ಅದರ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಕಂಡಿತು. ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿದರೆ ಮೀಟರಿನಲ್ಲಿ ಸಂಪರ್ಕ ತಪ್ಪಿತು, ತಣಿದ ಮೇಲೆ ತಾನಾಗೇ ಬಂತು. ಗ್ಯಾರೇಜಿಗೆ ತಣ್ಣಗಾಗಿ ಬರುವ ಗಾಡಿಯಲ್ಲಿ ಈ ತೊಂದರೆ ಸಿಗದಿರುವುದಕ್ಕೆ ಕಾರಣ ಇದೇ.

ಹಾಗಾಗಿ ಪರೀಕ್ಷೆ ಮಾಡಬೇಕಾದದ್ದು ನೀವೇ, ಆಫ್ ಆದ ಆ ಗಳಿಗೆಯಲ್ಲೇ. ಗಾಡಿ ಬದಿಗೆ ಹಾಕಿ, ಎಲ್ಲರೂ ಮಾತು ನಿಲ್ಲಿಸಿ, ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ಗುಂಯ್ ಅನ್ನುವ ಸದ್ದು ಬರಬೇಕು. ಸದ್ದು ಬಂದೂ ಸ್ಟಾರ್ಟ್ ಆಗದಿದ್ದರೆ ಇಂಜಿನ್ ತಿರುಗುವುದನ್ನು ಗಾಡಿಯ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ನೋಡಿಸಿ, ಅದೂ ಬಿಸಿಗೆ ಹೀಗೇ ಕೈಕೊಡುತ್ತದೆ. ಸದ್ದೇ ಇಲ್ಲದಿದ್ದರೆ ಕೀ ಆಫ್ ಮಾಡಿ ಪಂಪಿನ ರಿಲೇ ತೆಗೆದು, ಅದೇ ನಂಬರಿನ, ಅಷ್ಟೇ ಕಾಲಿನ ಹಾರ್ನ್ ರಿಲೇ ಇದ್ದರೆ ಅಲ್ಲಿ ಕೂರಿಸಿ. ತಕ್ಷಣ ಸ್ಟಾರ್ಟ್ ಆಯಿತೋ, ಕಳ್ಳ ಸಿಕ್ಕಿದ. ಟಕ್ ಅಂದರೆ ರಿಲೇ ಸರಿ ಇದೆ ಎಂದು ಬಿಡಬೇಡಿ. ಟಕ್ ಅಂದದ್ದು ಕಾಯಿಲ್, ಪಾಯಿಂಟ್ ಸುಟ್ಟಿರಬಹುದು. ಪಂಪ್ ಓಡುವಾಗ 30 ಮತ್ತು 87ನೇ ಕಾಲುಗಳ ನಡುವೆ, ಅಂದರೆ ಪಂಪಿನ ಕರೆಂಟು ಒಳಬಂದು ಹೊರಹೋಗುವ ಕಾಲುಗಳ ನಡುವೆ, ಮೀಟರಿನಲ್ಲಿ ಅರ್ಧ ವೋಲ್ಟ್ ತೋರಿಸುವ ರಿಲೇ ಎಸೆಯಬೇಕಾದದ್ದೇ.

ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ರಿಲೇ ಸಿಗಲಿಲ್ಲ ಅಂತ ಪಂಪಿಗೆ ಡೈರೆಕ್ಟ್ ವೈರ್ ಎಳೆದುಕೊಂಡು ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ಇಂಜಿನ್ ನಿಂತರೆ ಒಂದೆರಡು ಸೆಕೆಂಡಿನಲ್ಲಿ ಇಸಿಯು (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ರಿಲೇಯನ್ನು ಬಿಡಿಸಿ ಪಂಪ್ ನಿಲ್ಲಿಸುತ್ತದೆ. ಡೈರೆಕ್ಟ್ ವೈರಿಗೆ ಆ ತಡೆ ಇಲ್ಲ. ಆಗುಂಬೆಯ 14 ತಿರುವಿನಲ್ಲಿ ಎಲ್ಲಾದರೂ ಗಾಡಿ ಗುದ್ದಿ ಪೈಪ್ ಹರಿದರೆ, ಇಂಜಿನ್ ನಿಂತ ಮೇಲೂ ಆ ಪಂಪು ಕಾದ ಇಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ನಿಮ್ಮ ಗಾಡಿಯಲ್ಲಿ ಅಂಥ ವೈರ್ ಇದ್ದರೆ ಘಾಟಿ ಇಳಿಯುವ ಮೊದಲೇ ತೆಗೆಸಿ.