ಟ್ರೈಕೋಡರ್ಮಾ ಗ್ಲೂಕೋಸ್ ತಿಂದರೆ ಸೆಲ್ಯುಲೇಸ್ ಯಾಕೆ ಕೊಡಲ್ಲ?

ನಮ್ಮ ಬಳ್ಳಾರಿಯ ಜೀನ್ಸ್ ಕೆಲಸ ಗೊತ್ತಿದ್ದವರಿಗೆ ಎಂಜೈಮ್ ವಾಷ್ ಹೊಸದಲ್ಲ. ಹತ್ತಿಯ ನಾರಿನಲ್ಲಿರುವ ಸೆಲ್ಯುಲೋಸನ್ನು ಒಡೆಯುವ ಕಿಣ್ವವಾದ (ಎಂಜೈಮ್) ಸೆಲ್ಯುಲೇಸ್ ಹಾಕಿದರೆ ಹತ್ತಿ ನೂಲಿನ ಮೇಲ್ಪದರ ಸ್ವಲ್ಪ ಸವೆದು, ಜೊತೆಗೆ ಇಂಡಿಗೊ ಬಣ್ಣವೂ ಬಿಡುತ್ತದೆ. ಈ ಕಿಣ್ವ ತಯಾರಿಸುವ ಮುಖ್ಯ ಶಿಲೀಂಧ್ರ ಟ್ರೈಕೋಡರ್ಮಾ ರೀಸಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೈನ್ಯದ ಹತ್ತಿ ಡೇರೆಗಳನ್ನು ಕೊಳೆಸಿದ್ದು ಇದೇ.

ಈಗ ತೊಡಕಿನ ಜಾಗಕ್ಕೆ ಬರೋಣ, ನಿಧಾನವಾಗಿ ಓದಿ. ಸೆಲ್ಯುಲೋಸ್‌ನಂಥ ಪ್ರಚೋದಕ ಇದ್ದರೆ ಮಾತ್ರ ಇದು ಹೇರಳವಾಗಿ ಸೆಲ್ಯುಲೇಸ್ ಮಾಡುತ್ತದೆ. ಆದರೆ ಸೆಲ್ಯುಲೋಸ್ ಗಟ್ಟಿ ವಸ್ತು, ಜೀವಕೋಶದ ಒಳಗೆ ಹೋಗಲ್ಲ ಅಲ್ವಾ? ಮತ್ತೆ ಗೊತ್ತಾಗುವುದು ಹೇಗೆ? ಶಿಲೀಂಧ್ರ ಯಾವಾಗಲೂ ಚೂರು ಕಿಣ್ವ ಹೊರಗೆ ಬಿಡುತ್ತಲೇ ಇರುತ್ತದೆ. ಅದು ಸೆಲ್ಯುಲೋಸನ್ನು ಕತ್ತರಿಸಿದಾಗ ಸೆಲ್ಲೊಬಯೋಸ್ ಎಂಬ ಸಣ್ಣ ಸಕ್ಕರೆ ಸಿಗುತ್ತದೆ, ಬೀಟಾ-ಗ್ಲೂಕೋಸಿಡೇಸ್ ಎಂಬ ಇನ್ನೊಂದು ಕಿಣ್ವ ಅದರಲ್ಲಿ ಸ್ವಲ್ಪವನ್ನು ಸೊಫೊರೋಸ್ ಎಂಬ ಬೇರೆ ಸಕ್ಕರೆಯಾಗಿ ಜೋಡಿಸುತ್ತದೆ, ಆ ಸೊಫೊರೋಸ್ ಒಳಗೆ ಹೋದರೆ ಎಕ್ಸ್‌ವೈಆರ್1 ಎಂಬ ಪ್ರೋಟೀನ್ ಸೆಲ್ಯುಲೇಸ್ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಗ್ಲೂಕೋಸ್ ಜಾಸ್ತಿಯಾದರೆ ಸಿಆರ್‌ಇ1 ಎಂಬ ಇನ್ನೊಂದು ಪ್ರೋಟೀನ್ ಬಂದು ಆ ಜೀನ್‌ಗಳನ್ನು ಮುಚ್ಚುತ್ತದೆ.

ಕರಗುವ ಗ್ಲೂಕೋಸ್ ಶಿಲೀಂಧ್ರ ಬೆಳೆಸುವ ಟ್ಯಾಂಕಿಗೆ ಸುಲಭ, ಆದರೆ ಅದನ್ನು ಕೊಟ್ಟರೆ ಕಿಣ್ವ ಬರಲ್ಲ. ಸೆಲ್ಯುಲೋಸ್ ಕೊಟ್ಟರೆ ಗಂಜಿಯಂತಾಗಿ ಕಲಕುವುದೂ ಗಾಳಿ ಕೊಡುವುದೂ ಕಷ್ಟ. ಖರ್ಚು ಏರುವುದಕ್ಕೆ ಇದೊಂದು ದೊಡ್ಡ ಕಾರಣ.

ರುಟ್-ಸಿ30 ಎಂಬ ಹೆಸರಾಂತ ತಳಿಯಲ್ಲಿ ಸಿಆರ್‌ಇ1 ತುಂಡಾಗಿದೆ. ಹಾಗಾದರೆ ಇದಕ್ಕೆ ಬರೀ ಗ್ಲೂಕೋಸ್ ಸಾಕೇ? ಸಾಕಾಗಲ್ಲ. ಬ್ರೇಕ್ (ಸಿಆರ್‌ಇ1) ತೆಗೆದ ಮಾತ್ರಕ್ಕೆ ಗಾಡಿ ಓಡಲ್ಲ, ಆಕ್ಸಿಲರೇಟರ್ (ಎಕ್ಸ್‌ವೈಆರ್1) ಒತ್ತಬೇಕು. ಎಕ್ಸ್‌ವೈಆರ್1 ಪ್ರೋಟೀನಿನ 824ನೇ ಜಾಗದಲ್ಲಿ ಅಲನಿನ್ ಎಂಬ ಅಮೈನೋ ಆಮ್ಲದ ಬದಲು ವ್ಯಾಲಿನ್ ಬಂದರೆ ಅದು ಪ್ರಚೋದಕಕ್ಕೆ ಕಾಯದೆ ಕೆಲಸ ಮಾಡುತ್ತದೆ. ಇಲ್ಲವೇ ಅದರ ಜೀನನ್ನು ಸದಾ ಚಾಲೂ ಇರುವ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಭಾಗ) ಹಿಂದೆ ಇಡಬಹುದು. ಯಾವುದೇ ತಳಿಯ ಬಗ್ಗೆ ಓದುವಾಗ ನಾನು ಮೊದಲು ಕೇಳುವುದು ಎರಡೇ: ಬ್ರೇಕ್ ಏನಾಗಿದೆ, ಆಕ್ಸಿಲರೇಟರ್ ಒತ್ತುವವರು ಯಾರು?

ಇನ್ನು ಅಗ್ಗದ ಸಕ್ಕರೆ ಅಂದರೆ ಕಾಕಂಬಿ ನೆನಪಾಗುತ್ತದೆ. ಅದರಲ್ಲಿರುವುದು ಹೆಚ್ಚಾಗಿ ಸುಕ್ರೋಸ್. ಟ್ರೈಕೋಡರ್ಮಾಗೆ ಅದನ್ನು ಒಡೆಯುವ ಇನ್ವರ್ಟೇಸ್ ಇಲ್ಲ. ಆಸ್ಪರ್ಜಿಲಸ್ ನೈಜರ್ ಎಂಬ ಇನ್ನೊಂದು ಶಿಲೀಂಧ್ರದಿಂದ ಇನ್ವರ್ಟೇಸ್ ಜೀನ್ ತಂದು ಸೇರಿಸಿದರೆ ಕಾಕಂಬಿಯ ಮೇಲೂ ಬೆಳೆಯುತ್ತದೆ. ಜೊತೆಗೆ ತಯಾರಾದ ಕಿಣ್ವವನ್ನೇ ತಿನ್ನುವ ಪ್ರೋಟಿಯೇಸ್‌ಗಳ ಜೀನ್ ತೆಗೆಯುತ್ತಾರೆ. ಬಳಸುವ ಜಾಗದಲ್ಲೇ ತಯಾರಿಸಿದರೆ ಶುದ್ಧ ಮಾಡಿ, ಸಾಂದ್ರ ಮಾಡಿ, ಸಾಗಿಸುವ ಖರ್ಚೂ ಕಡಿಮೆಯಾಗುತ್ತದೆ.