ಫೈರ್‌ಹೋಸ್ ಅಸ್ಥಿರತೆ: ಡಿಕ್ಕಿ ಇಲ್ಲದ ಕಡೆ ಲಗಾಮು ಹಾಕೋದು ಯಾರು?

ಸೂರ್ಯನಿಂದ ಸದಾ ಹೊರಗೆ ಹರಿಯುವ ಪ್ಲಾಸ್ಮಾವೇ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳ ಅನಿಲವೇ, ಸೌರ ಮಾರುತ. ಬಹುಪಾಲು ಪ್ರೋಟಾನ್, ಎಲೆಕ್ಟ್ರಾನ್. ಜೊತೆಗೆ ಒಂದಿಷ್ಟು ಹೀಲಿಯಂ. ವೇಗ ಸುಮಾರು ಸೆಕೆಂಡಿಗೆ 300ರಿಂದ 800 ಕಿ.ಮೀ. ಭೂಮಿಯ ಹತ್ತಿರ ಒಂದು ಘನ ಸೆಂಟಿಮೀಟರಿನಲ್ಲಿ ಸಾಮಾನ್ಯವಾಗಿ ಐದೋ ಹತ್ತೋ ಪ್ರೋಟಾನ್ ಸಿಗುತ್ತವೆ, ಅಷ್ಟೇ. ಇಷ್ಟು ತೆಳುವಾದ ಮೇಲೆ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ತೀರಾ ಅಪರೂಪ.

ಹೊಡೆಯದಿದ್ದರೆ ಏನಂತೆ? ನಾವು ಉಸಿರಾಡುವ ಗಾಳಿಯಲ್ಲಿ ಅಣುಗಳು ಎಡೆಬಿಡದೆ ಗುದ್ದಾಡುತ್ತವೆ. ಹಾಗಾಗಿ ಯಾವ ದಿಕ್ಕಿನಲ್ಲಿ ನೋಡಿದರೂ ಉಷ್ಣತೆ ಒಂದೇ. ಸೌರ ಮಾರುತದ ಪ್ರೋಟಾನುಗಳ ಕಥೆ ಬೇರೆ. ಅವು ಕಾಂತರೇಖೆಯನ್ನು ಸುತ್ತುತ್ತಾ ಅದರ ಉದ್ದಕ್ಕೂ ಓಡುತ್ತವೆ. ಸೂರ್ಯನಿಂದ ದೂರ ಹೋದಂತೆ ಕಾಂತಕ್ಷೇತ್ರ ಸೊರಗುತ್ತದೆ, ಸುತ್ತುವ ಚಲನೆಯ ಶಕ್ತಿಯೂ ಅದರ ಜೊತೆಗೇ ಇಳಿಯುತ್ತದೆ. ಉದ್ದಕ್ಕೆ ಓಡುವ ಶಕ್ತಿ ಅಷ್ಟು ಬೇಗ ಇಳಿಯುವುದಿಲ್ಲ. ರೇಖೆಯ ಉದ್ದಕ್ಕೊಂದು, ಅಡ್ಡಕ್ಕೊಂದು, ಹೀಗೆ ಒಂದೇ ಪ್ಲಾಸ್ಮಾಗೆ ಎರಡು ಉಷ್ಣತೆ! ಸುಮ್ನೆ ಬಿಟ್ಟರೆ ಈ ಅಂತರ ಬೆಳೆಯುತ್ತಲೇ ಹೋಗಬೇಕು. ಆದರೆ ಹೋಗುವುದಿಲ್ಲ.

ತಡೆಯುವುದು ಫೈರ್‌ಹೋಸ್ ಅಸ್ಥಿರತೆ. ಅಸ್ಥಿರತೆ ಅಂದರೆ ಸಣ್ಣ ಅಲುಗಾಟವೊಂದು ತಾನಾಗಿಯೇ ಬೆಳೆಯುತ್ತಾ ಹೋಗುವುದು. ಕಾಂತರೇಖೆಗೆ ಒಂದು ಬಿಗಿತ ಇದೆ. ಬಾಗಿಸಿದರೆ ನೆಟ್ಟಗಾಗಲು ನೋಡುತ್ತದೆ. ರೇಖೆ ಎಲ್ಲೋ ಚೂರು ಬಾಗಿದೆ ಅಂದುಕೊಳ್ಳಿ. ಉದ್ದಕ್ಕೆ ಓಡಿಬಂದ ಪ್ರೋಟಾನುಗಳು ಆ ತಿರುವಿನಲ್ಲಿ ರೇಖೆಯನ್ನು ಹೊರಕ್ಕೆ ತಳ್ಳುತ್ತವೆ. ಅಡ್ಡದ ಒತ್ತಡವೂ ರೇಖೆಯ ಬಿಗಿತವೂ ಸೇರಿ ಈ ತಳ್ಳನ್ನು ತಡೆಯಲಾಗದೆ ಹೋದರೆ ಬಾಗು ಇನ್ನಷ್ಟು ಬಾಗುತ್ತದೆ. ಜೋರಾಗಿ ನೀರು ಬಿಟ್ಟ ಪೈಪನ್ನು ಕೈಬಿಟ್ಟರೆ ಹೊರಳಾಡುತ್ತದೆ, ಅಲ್ವಾ? ಬೆಂಕಿ ಆರಿಸುವ ಪೈಪಿನ ಹೆಸರು ಇದಕ್ಕೆ ಬಂದಿದ್ದು ಹಾಗೆ. ಹೀಗೆದ್ದ ಅಲೆಗಳು ಪ್ರೋಟಾನುಗಳ ದಿಕ್ಕು ತಪ್ಪಿಸಿ, ಉದ್ದದ ಶಕ್ತಿಯನ್ನು ಅಡ್ಡಕ್ಕೂ ಹಂಚುತ್ತವೆ. ಡಿಕ್ಕಿಗಳು ಮಾಡಬೇಕಿದ್ದ ಕೆಲಸ ಅಲೆಗಳ ಪಾಲಿಗೆ ಬರುತ್ತದೆ. ನನಗಂತೂ ಇಡೀ ವಿಷಯದಲ್ಲಿ ಸೊಗಸಾದ ಭಾಗ ಇದೇ.

ಅಡ್ಡದ ಉಷ್ಣತೆಯೇ ಜಾಸ್ತಿಯಾದರೆ ಮಿರರ್, ಅಯಾನ್ ಸೈಕ್ಲೋಟ್ರಾನ್ ಎಂಬ ಬೇರೆ ಅಸ್ಥಿರತೆಗಳು ಏಳುತ್ತವೆ.

ಅಂದಹಾಗೆ, ಸೌರ ಮಾರುತ ಇದೆ ಎಂದು 1958ರಲ್ಲಿ ಲೆಕ್ಕ ಹಾಕಿ ಹೇಳಿದ ಯೂಜೀನ್ ಪಾರ್ಕರ್, ಅದೇ ವರ್ಷ ಫೈರ್‌ಹೋಸ್ ಅಸ್ಥಿರತೆಯ ಬಗ್ಗೆಯೂ ಬರೆದಿದ್ದರು.

ಅಸ್ಥಿರತೆಗಳೇ ಲಗಾಮು ಹಾಕುತ್ತವೆ ಎಂಬುದಕ್ಕೆ ಪುರಾವೆ ಕೊಟ್ಟಿದ್ದು 1994ರಲ್ಲಿ ಹಾರಿದ ನಾಸಾದ ವಿಂಡ್ ನೌಕೆ. ಅದರ ಅಳತೆಗಳನ್ನೆಲ್ಲ ಒಂದೇ ಗ್ರಾಫಿನಲ್ಲಿ ಹಾಕಿದರೆ, ಒಂದು ಕಡೆ ಎರಡು ಉಷ್ಣತೆಗಳ ಅನುಪಾತ, ಇನ್ನೊಂದು ಕಡೆ ಕಾಂತ ಒತ್ತಡಕ್ಕೆ ಹೋಲಿಸಿದ ಪ್ಲಾಸ್ಮಾ ಒತ್ತಡ. ಹೆಚ್ಚುಕಡಿಮೆ ಎಲ್ಲ ಚುಕ್ಕೆಗಳೂ ಅಸ್ಥಿರತೆಯ ಗೆರೆಗಳ, ಅಂದರೆ ದಾಟಿದರೆ ಅಸ್ಥಿರತೆ ಏಳುವ ಮಿತಿಗಳ, ಒಳಗೇ ನಿಲ್ಲುತ್ತವೆ. ಆಕಾರ ನೋಡಿ ಸಂಶೋಧಕರು ಇದನ್ನು ಬ್ರೆಜಿಲ್ ಪ್ಲಾಟ್ ಎನ್ನುತ್ತಾರೆ. ಆ ಗೆರೆಗಳ ಅಂಚಿನಲ್ಲೇ ಕಾಂತಕ್ಷೇತ್ರದ ಏರಿಳಿತ ಜೋರಾಗಿರುವುದೂ ಅಳತೆಗಳಲ್ಲಿ ಕಂಡಿದೆ.